ಒಂದ್ಮಾತು ಹೇಳ್ರಿ

ನನ್ನ ಸೋದರಮಾವ ಹಿಂದೆ ದೂರದ ಒಂದು ರಾಜ್ಯಕ್ಕೆ ರಾಜ್ಯಪಾಲರಾಗಿದ್ದರು ಎಂದು ಹೇಳಿಕೊಳ್ಳುವುದನ್ನು ನಾನು ಈಚೆಗೆ ಬಿಟ್ಟಿದ್ದೇನೆ. ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ, ಕೊನೆಗೆ 'ಹೌದಾ?' ಎನ್ನುತ್ತಾರೆ. ಆ 'ಹೌದಾ'ದಲ್ಲಿರುವ ಅನುಮಾನ ಮಾವನ ಮೇಲಿನದಲ್ಲ, ನನ್ನ ಮೇಲಿನದು.

ಮಾವನ ರಾಜಕೀಯ ಶುರುವಾದದ್ದು ಉಬ್ರಾಣಿ ಕಡೆಯ ಹಳ್ಳಿಗಳಲ್ಲಿ ಸೈಕಲ್ ತುಳಿಯುತ್ತ. ಆಮೇಲೆ ಶಾಸಕರಾದರು, ಒಮ್ಮೆ ಮಂತ್ರಿಯೂ ಆದರು. ಆ ಕಾಲದಲ್ಲಿ ಚನ್ನಗಿರಿಯ ಅವರ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಜಗಲಿಯ ಮೇಲಿನ ಕೆಮ್ಮಿನಿಂದ. ಹೊನ್ನಾಳಿಯಿಂದ, ನ್ಯಾಮತಿಯಿಂದ, ಅಷ್ಟು ದೂರದ ಜಗಳೂರಿನಿಂದಲೂ ಮೊದಲ ಬಸ್ಸಿಗೆ ಬಂದವರು ಅಲ್ಲಿ ಕುಳಿತಿರುತ್ತಿದ್ದರು. ಅಷ್ಟೂ ಮಂದಿಗೆ ಮಂಡಕ್ಕಿ ಒಗ್ಗರಣೆ ಮಾಡಿ ಮಾಡಿ ಅತ್ತೆಗೆ ಮಂಡಕ್ಕಿ ಎಂದರೆ ವೈರಾಗ್ಯ ಬಂದಿತ್ತು. ಬಂದವರ ಕಷ್ಟ ಬೇರೆ ಬೇರೆ, ಕೇಳುವ ರೀತಿ ಮಾತ್ರ ಒಂದೇ: 'ಒಂದ್ಮಾತು ಹೇಳ್ರಿ ಸಾಹೇಬ್ರೇ.' ತಹಶೀಲ್ದಾರರಿಗೆ ಒಂದ್ಮಾತು, ಡಾಕ್ಟರಿಗೆ ಒಂದ್ಮಾತು, ಮುನಿಸಿಕೊಂಡ ಬೀಗರಿಗೂ ಒಂದ್ಮಾತು. ನಮ್ಮ ಸೀಮೆಯ ಪ್ರಜಾಪ್ರಭುತ್ವ ಅಷ್ಟೇ ಸರಳ. ಮತ ಕೊಡುವುದು ನಾವು, ಮಾತು ಹೇಳುವುದು ಅವರು.

ರಾಜ್ಯಪಾಲರಾದ ಸುದ್ದಿ ಬಂದಾಗ ಊರೆಲ್ಲ ಪಟಾಕಿ. ಜಗಳೂರಿನ ಹಿರಿಯರೊಬ್ಬರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, 'ಗೌರ್ನರ್ ಅಂದ್ರೆ ಯಾವ ಖಾತೆ ಐತ್ರೀ?'

'ಖಾತೆ ಇರಲ್ಲ ಯಜಮಾನ್ರೇ. ಅದು ಎಲ್ಲ ಖಾತೆಗಿಂತ ಮೇಲೆ' ಎಂದೆ.

'ಹಂಗಾರೆ ಪಾಪ, ಏನೂ ಕೊಟ್ಟಿಲ್ಲ ಅನ್ರಿ' ಎಂದು ಅವರು ನಿಜವಾಗಿಯೂ ಮರುಗಿದರು.

ಈ 'ಪಾಲ' ಎಂಬ ಪದದ ಹಣೆಬರಹವೇ ಅಂಥದ್ದೇನೋ. ಗೋಪಾಲನಿಗಾದರೂ ಹಸುಗಳಿವೆ, ಬೆಣ್ಣೆಯಿದೆ. ದಿಕ್ಪಾಲಕರನ್ನು ನೋಡಿ. ಗುಡಿಯ ಚಾವಣಿಯಲ್ಲಿ ಆನೆ, ಟಗರು ಏರಿ ಎಂಟು ದಿಕ್ಕಿಗೂ ವೈಭವದಿಂದ ಕುಳಿತಿರುತ್ತಾರೆ. ಕತ್ತೆತ್ತಿ ನೋಡಿ 'ಆಹಾ' ಎನ್ನುತ್ತೇವೆಯೇ ಹೊರತು ಅವರಿಗೆ ಹರಕೆ ಹೊತ್ತವರನ್ನು ನಾನಂತೂ ಕಂಡಿಲ್ಲ.

ಒಮ್ಮೆ ರಾಜಭವನಕ್ಕೆ ಹೋಗಿದ್ದೆ. ಊಟದ ಮೇಜಿನಲ್ಲಿ ಯಾವ ಚಮಚ ಯಾವುದಕ್ಕೆ ಎಂದು ತಿಳಿಯದೆ, ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಹಸಿದುಕೊಂಡೇ ಎದ್ದೆ. ಅಂದು ಮಾವ ಸದನದಲ್ಲಿ 'ನನ್ನ ಸರ್ಕಾರ' ಎಂದು ಶುರುಮಾಡಿ ಉದ್ದನೆಯ ಭಾಷಣ ಓದಿ ಬಂದಿದ್ದರು. ಬರೆದವರು ಬೇರೆ, ಓದಿದವರು ಇವರು. ಸಂಜೆ ನಾವಿಬ್ಬರೇ ಇದ್ದಾಗ ಹೇಳಿದರು, 'ಅಷ್ಟೊತ್ತು ಓದಿದೆ ಕಣೋ. ಅದ್ರಾಗೆ ಒಂದ್ಮಾತೂ ನಂದಲ್ಲ.'

ಅವಧಿ ಮುಗಿಸಿ ಮಾವ ಊರಿಗೆ ಬಂದರು. ದಿನಾ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಗಂಜಿ ಹಾಕಿದ ಅಂಗಿ ತೊಟ್ಟು ಜಗಲಿಗೆ ಬರುತ್ತಿದ್ದರು. ಜಗಲಿ ಖಾಲಿ. ದೊಡ್ಡ ಮನುಷ್ಯರನ್ನು ಸಣ್ಣ ಕೆಲಸ ಕೇಳುವುದು ಹೇಗೆಂದು ಕೆಲವರಿಗೆ ಸಂಕೋಚ. ಉಳಿದವರು ಹೊಸ ಶಾಸಕರ ಮನೆಯ ದಾರಿ ಹಿಡಿದಿದ್ದರು. ಮಾವ ಪತ್ರಿಕೆಯ ಹಿಂದಿನಿಂದ ಗೇಟಿನ ಕಡೆಗೇ ನೋಡುತ್ತಿದ್ದರು.

ಹೋದ ವರ್ಷ ಕೊನೆಗೂ ಗೇಟು ಕಿರುಗುಟ್ಟಿತು. ಬಂದವಳು ನ್ಯಾಮತಿ ಕಡೆಯ ಹಳ್ಳಿಯ ರುದ್ರಮ್ಮ, ಹಳೆಯ ಚುನಾವಣೆಗಳಲ್ಲಿ ಮಾವನಿಗೆ ಆರತಿ ಎತ್ತಿದವಳು. ಅವಳ ಮೊಮ್ಮಗಳು ಹೊನ್ನಾಳಿಯ ಕಾಲೇಜಿಗೆ ಹೋಗುತ್ತಾಳೆ. ಬೆಳಗಿನ ಬಸ್ಸು ಅವರೂರ ಕ್ರಾಸಿನಲ್ಲಿ ನಿಲ್ಲುವುದೇ ಇಲ್ಲ. 'ಹಿಂಗೇ ಆದ್ರೆ ಓದು ಬಿಡಿಸಿ ಮದುವಿ ಮಾಡ್ತೀನಿ ಅಂತಾನೆ ನನ್ ಮಗ. ಒಂದ್ಮಾತು ಹೇಳ್ರಿ ಸಾಹೇಬ್ರೇ.'

ಮಾವನ ಮುಖ ಹಬ್ಬದ ಮನೆಯಂತಾಯಿತು. ಕೂಡಲೇ ಬಸ್ ಡಿಪೋಗೆ ಫೋನು ಹಚ್ಚಿಸಿದರು. 'ನಾನು ಮಾಜಿ ರಾಜ್ಯಪಾಲ...'

'ಯಾರು, ರಾಜಪ್ಪಾರಾ? ಯಾವ ರಾಜಪ್ಪ ರೀ? ಜೋರಾಗಿ ಹೇಳ್ರಿ' ಎಂದಿತು ಆ ಕಡೆಯ ದನಿ. ಮಾವ ಜೋರಾಗಿಯೇ ಹೇಳಿದರು. 'ನೋಡಾನ ಬಿಡ್ರಿ ರಾಜಪ್ಪಾರೇ' ಎಂದು ಆ ಕಡೆಯವರು ಫೋನು ಇಟ್ಟರು. ನಗು ತಡೆಯಲು ನಾನು ಒಳಗೆ ಓಡಿದೆ. ತಿರುಗಿ ಬಂದಾಗ ಮಾವ ಅದೇ ಫೋನು ನೋಡುತ್ತ ಕುಳಿತಿದ್ದರು, ನನ್ನ ನಗು ಇಂಗಿಹೋಯಿತು.

ಮರುದಿನ ನಸುಕಿಗೇ 'ಕಾರು ತೆಗಿ' ಎಂದರು. ರುದ್ರಮ್ಮನ ಮನೆಯ ಮುಂದೆ ಕಾರು ಬಿಟ್ಟು, ಅಜ್ಜಿ ಮೊಮ್ಮಗಳ ಜೊತೆ ಕೋಲೂರುತ್ತ ಕ್ರಾಸಿನವರೆಗೆ ನಡೆದರು. ಬಸ್ಸು ಕಂಡದ್ದೇ ತಡ, ನಾನು ಹಿಡಿಯುವಷ್ಟರಲ್ಲಿ ರಸ್ತೆಯ ನಡುವೆ ನಿಂತುಬಿಟ್ಟರು. ಬ್ರೇಕು ಕಿರುಚಿತು. ಡ್ರೈವರು ತಲೆ ಹೊರಗೆ ಹಾಕಿ ಕೂಗಿದ:

'ಏನಜ್ಜಾ, ಸಾಯಾಕೆ ಬ್ಯಾರೆ ಬಸ್ ಸಿಗ್ಲಿಲ್ಲೇನು?'

'ಸಾಯಾಕೆ ಬೇಕಾದಷ್ಟು ಅದಾವಪ್ಪ' ಎಂದರು ಮಾವ. 'ಈ ಹುಡುಗಿಗೆ ಓದಾಕೆ ಇದೊಂದೇ ಐತೆ.'

ಇವರು ಯಾರು ಗೊತ್ತೇನು ಎಂದು ಬಾಯಿ ತೆರೆದ ನನ್ನ ಕೈಯನ್ನು ಮಾವ ಅದುಮಿದರು. ಡ್ರೈವರು ಹುಡುಗಿಯನ್ನು ನೋಡಿದ, ಮುದುಕನನ್ನು ನೋಡಿದ, ನಕ್ಕುಬಿಟ್ಟ. 'ಹತ್ತವ್ವ. ನಾಳಿಂದ ಇಲ್ಲೇ ನಿಂತಿರು, ನಿಲ್ಲಿಸ್ತೀನಿ. ಅಜ್ಜನ್ನ ಮಾತ್ರ ಕರ್ಕೊಂಡು ಬರಬ್ಯಾಡ.'

ಬಸ್ಸು ಹೋದ ಮೇಲೆ ಮಾವ ಅಂಗಿಯ ಧೂಳು ಕೊಡವಿಕೊಂಡು, 'ನನ್ನ ಮಾತು ಈಗ ಎಲ್ಲೂ ನಡೆಯಂಗಿಲ್ಲ ರುದ್ರಮ್ಮ' ಎಂದರು.

'ಮಾತು ನಡೀದಿದ್ರೆ ಬಿಡ್ರಿ ಸಾಹೇಬ್ರೇ' ಎಂದಳು ಅವಳು. 'ನೀವೇ ನಡ್ಕೊಂಡು ಬಂದ್ರಲ್ಲ.'