ಪ್ರಶ್ನೆಗಿಂತ ಮೊದಲೇ ಬಂದ ಉತ್ತರಗಳು

ವಂದನಾ ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವಳು. ಅವರ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ಅವಳೇ ಮೊದಲಿಗಳು. ಬಿ.ಎಡ್. ಓದಲೆಂದು ಮುಂಬೈಗೆ ಬಂದವಳು ಧಾರಾವಿಯಲ್ಲಿ ಸೋದರಮಾವ ಸಿದ್ದಲಿಂಗಪ್ಪನ ಮನೆಯಲ್ಲಿ ಎರಡು ವರ್ಷ ಇದ್ದಳು. ಮನೆ ಎಂದರೆ ಒಂದು ಕೋಣೆ, ಅದರ ಮೇಲೊಂದು ಅಟ್ಟ. ಅಟ್ಟದಲ್ಲಿ ನೆಟ್ಟಗೆ ಕೂತರೆ ತಲೆ ತಗಡಿಗೆ ತಾಗುತ್ತಿತ್ತು. ಅಲ್ಲೇ ಬಗ್ಗಿ ಕೂತು ಅವಳು ಚಾರ್ಟ್ ಬರೆದಳು, ರಟ್ಟು ಕತ್ತರಿಸಿದಳು, ಬಣ್ಣ ಹಚ್ಚಿದಳು. ಕೆಳಗಿನಿಂದ ಅತ್ತೆ ರುದ್ರವ್ವ ಕೂಗುತ್ತಿದ್ದಳು:

"ಏನವಾ, ಸಾಲಿ ಕಲಸೂದು ಕಲಿಯಾಕ ಬಂದಿಯೋ, ಗಾಳಿಪಟ ಮಾಡಾಕ ಬಂದಿಯೋ? ಮನಿ ತುಂಬ ಕಾಗದದ ಚೂರು!"

"ಅತ್ತಿ, ಇದು ಪಾಠೋಪಕರಣ. ಇದಿಲ್ದ ಮಾರ್ಕ್ಸ್ ಕೊಡಂಗಿಲ್ಲ."

"ನಮಗ ಕಲಿಸಿದ ಮಾಸ್ತರ ಹತ್ರ ಒಂದು ಬೆತ್ತ ಇತ್ತು. ಅದೇ ಉಪಕರಣ."

ಬಿ.ಎಡ್. ಎಂದರೆ ಪುಸ್ತಕದ ಓದು ಅರ್ಧ, ಶಾಲೆಗೆ ಹೋಗಿ ನಿಜವಾದ ಮಕ್ಕಳ ಮುಂದೆ ಪಾಠ ಮಾಡುವುದು ಇನ್ನರ್ಧ. ಓದಿನಲ್ಲಿ ವಂದನಾಳನ್ನು ಹಿಡಿಯುವವರಿರಲಿಲ್ಲ. ಕಷ್ಟವಿದ್ದದ್ದು ಉಳಿದರ್ಧದಲ್ಲಿ. ಕನ್ನಡ ಬಲ್ಲ ಕೆಲವರನ್ನು ಕಾಲೇಜಿನವರು ಸಯನ್ ಹತ್ತಿರದ ಕನ್ನಡ ಶಾಲೆಯೊಂದಕ್ಕೆ ಅಭ್ಯಾಸ ಪಾಠಕ್ಕೆ ಕಳಿಸುತ್ತಿದ್ದರು. ಪ್ರತಿ ಪಾಠಕ್ಕೂ ಮೊದಲು ಒಂದು ಯೋಜನೆ ಬರೆಯಬೇಕು. ಎಡಗಡೆ ಶಿಕ್ಷಕಿ ಏನು ಕೇಳುತ್ತಾಳೆ ಎಂದು, ಬಲಗಡೆ ಮಕ್ಕಳು ಏನು ಉತ್ತರ ಕೊಡುತ್ತಾರೆ ಎಂದು. ವಂದನಾಳ ಅಕ್ಷರ ಮುತ್ತಿನಂಥದು. ಎಡಗಡೆಯದನ್ನು ಅವಳು ಚಾಚೂ ತಪ್ಪದೆ ಕೇಳುತ್ತಿದ್ದಳು. ಬಲಗಡೆಯದನ್ನು ಮಾತ್ರ ಯಾವ ಮಗುವೂ ಹೇಳುತ್ತಿರಲಿಲ್ಲ. ಪಿಳಿಪಿಳಿ ಕಣ್ಣು ಬಿಡುತ್ತಿದ್ದವು, ಅಷ್ಟೆ. ಹಿಂದಿನ ಬೆಂಚಿನಲ್ಲಿ ಕೂತು ಗಮನಿಸುತ್ತಿದ್ದ ಪ್ರಾಧ್ಯಾಪಕಿ ನೀಲಾವತಿ ಮೇಡಂ ಒಮ್ಮೆ ಅವಳ ಪುಸ್ತಕದಲ್ಲಿ ಹೀಗೆ ಬರೆದಿದ್ದರು: "ಪ್ರಶ್ನೆಗಳು ಚೆನ್ನಾಗಿವೆ. ಉತ್ತರಿಸುವವರು ಎಲ್ಲಿ?"

ಅಂತಿಮ ಪಾಠಕ್ಕೆ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಅದರಲ್ಲಿ ನಪಾಸಾದರೆ ಇನ್ನೊಂದು ವರ್ಷ ಕಾಯಬೇಕು. ಊರಲ್ಲಿ ಅಪ್ಪ ಆಗಲೇ ಕಂಡಕಂಡವರಿಗೆ "ನನ್ನ ಮಗಳು ಸಾಲಿ ಅಕ್ಕೋರಾಗ್ಯಾಳ" ಎಂದು ಹೇಳಿಯಾಗಿತ್ತು.

ಅವಳ ದುಗುಡ ನೋಡಿ ಸಹಪಾಠಿ ಹರಿಣಿ ನಕ್ಕಳು. ಹರಿಣಿ ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಬೆಳೆದದ್ದು ಕಾಂದಿವಲಿಯಲ್ಲಿ.

"ಅದಕ್ಕೆಲ್ಲ ಎಂತ ಟೆನ್ಶನ್ ಮಾರಾಯ್ತಿ? ಮುಂಚಿನ ದಿನ ಹೋಗಿ ಮಕ್ಕಳಿಗೆ ಒಮ್ಮೆ ಉತ್ತರ ಹೇಳಿಕೊಡು. ಸಬ್ ಕರ್ತೇ ಹೈ, ಎಲ್ಲರೂ ಮಾಡ್ತಾರೆ."

"ಅದು ಮೋಸ ಅಲ್ಲೇನ?"

"ಮೋಸ ಎಂತದು? ನಾಟಕಕ್ಕೆ ರಿಹರ್ಸಲ್ ಇಲ್ವಾ?"

ವಂದನಾ ಯಾವ ಕೆಲಸವನ್ನೂ ಅರೆಬರೆ ಮಾಡಿದವಳಲ್ಲ. ಹರಿಣಿ ಹೇಳಿದ್ದು ಒಮ್ಮೆ. ಇವಳು ಆರನೇ ಕ್ಲಾಸಿನ ಮಕ್ಕಳಿಗೆ ನಾಲ್ಕು ಸಲ ಹೇಳಿಕೊಟ್ಟಳು. ಪಾಠ, ನೀರು ಆವಿಯಾಗುವುದು. ಒಟ್ಟು ಹದಿನಾಲ್ಕು ಪ್ರಶ್ನೆ, ಹದಿನಾಲ್ಕು ಉತ್ತರ. ಕೊನೆಯ ಸುತ್ತಿನಲ್ಲಿ ಮಕ್ಕಳು ಮಗ್ಗಿ ಹೇಳಿದ ಹಾಗೆ ಹೇಳಿದರು. ಸಂಜೆ ಅವಳು ಹಗುರವಾಗಿ ಮನೆಗೆ ಹೋದಳು.

ಮರುದಿನ ಪರೀಕ್ಷಕರು ಬಂದರು. ನಿವೃತ್ತ ಹೆಡ್‌ಮಾಸ್ತರರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೀಲಾವತಿ ಮೇಡಂ ಪಕ್ಕದಲ್ಲಿ ಕೂತರು. ವಂದನಾ ಸೀರೆಯ ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡಳು.

"ಮಕ್ಕಳೇ, ಬೆಳಿಗ್ಗೆ ತೊಳೆದು ಹಾಕಿದ ಬಟ್ಟೆ..."

"ಬಿಸಿಲಿಗೆ ಒಣಗುತ್ತದೆ ಟೀಚರ್!" ಎಂದು ಇಡೀ ಕ್ಲಾಸು ಒಂದೇ ಉಸಿರಿಗೆ ಕೂಗಿತು.

"ಹಾಗಾದರೆ ಅದರಲ್ಲಿದ್ದ..."

"ನೀರು ಆವಿಯಾಗಿ ಗಾಳಿಗೆ ಸೇರುತ್ತದೆ ಟೀಚರ್!"

ಅವಳು ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಲು ನೋಡಿದಳು. ಬಾಯಿ ತೆರೆದದ್ದೇ ತಡ, ಮುಂದಿನ ಉತ್ತರ ಬಂದುಬಿಡುತ್ತಿತ್ತು. ಚಾರ್ಟ್ ಬಿಚ್ಚುವ ಮೊದಲೇ ಅದರಲ್ಲಿ ಏನಿದೆ ಎಂದು ಮಕ್ಕಳು ಹೇಳಿದರು. ಮುಂದಿನ ಸಾಲಿನ ಯಲ್ಲಾಲಿಂಗ ಎದ್ದು ನಿಂತು, "ಟೀಚರ್, ಈಗ ನೀವು ವೆರಿ ಗುಡ್ ಅನಬೇಕು. ನಿನ್ನಿ ಅಂದಿದ್ರಿ" ಎಂದ.

ಮೂವತ್ತೈದು ನಿಮಿಷದ ಪಾಠ ಆರು ನಿಮಿಷಕ್ಕೆ ಮುಗಿದುಹೋಯಿತು. ಪರೀಕ್ಷಕರು ಪೆನ್ನು ಕೆಳಗಿಟ್ಟರು. ನೀಲಾವತಿ ಮೇಡಂ ಕಿಟಕಿಯ ಹೊರಗೆ ನೋಡತೊಡಗಿದರು. ಮಕ್ಕಳ ಮುಖದಲ್ಲಿ ಮಾತ್ರ ಗೆದ್ದ ಕಳೆ. ಟೀಚರನ್ನು ಪಾಸು ಮಾಡಿಸಿದೆವೆಂದು ಅವರು ನಂಬಿದ್ದರು.

ಯೋಜನೆಯ ಪುಸ್ತಕದಲ್ಲಿ ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ವಂದನಾ ಅದನ್ನು ಮುಚ್ಚಿ ಮೇಜಿನ ಮೇಲಿಟ್ಟಳು.

"ಸರ್, ಇವರಿಗೆ ನಿನ್ನೆ ನಾನೇ ಎಲ್ಲ ಉತ್ತರ ಹೇಳಿಕೊಟ್ಟಿದ್ದೆ. ತಪ್ಪು ನನ್ನದು."

"ಅದು ತಿಳಿಯಿತು," ಎಂದರು ಪರೀಕ್ಷಕರು. "ಇನ್ನೂ ಇಪ್ಪತ್ತೊಂಬತ್ತು ನಿಮಿಷ ಇದೆಯಲ್ಲ."

ಅವಳು ಮಕ್ಕಳ ಕಡೆ ತಿರುಗಿದಳು. ಏನು ಕೇಳುವುದೆಂದು ತಿಳಿಯದೆ, ಅಟ್ಟದಲ್ಲಿ ಮಳೆಗಾಲವಿಡೀ ತನ್ನ ಮೂಗಿಗೆ ಬಡಿಯುತ್ತಿದ್ದ ಹಸಿ ಬಟ್ಟೆಯ ವಾಸನೆಯೇ ನೆನಪಾಗಿ, ಅದನ್ನೇ ಕೇಳಿದಳು.

"ಅಲ್ಲಾ, ಮಳೆಗಾಲದಾಗ ಬಿಸಿಲ ಬೀಳೂದಿಲ್ಲ. ಮತ್ತ ನಿಮ್ಮ ಮನ್ಯಾಗ ಅರಿವಿ ಹೆಂಗ ಒಣಗ್ತಾವ?"

ಇದು ನಿನ್ನೆಯ ಪಟ್ಟಿಯಲ್ಲಿ ಇರಲಿಲ್ಲ. ವಂದನಾ ಈ ಸಲ ಗಾಬರಿಯಾಗದೆ ಕಾದಳು. ಕಡೆಗೆ ಕೊನೆಯ ಬೆಂಚಿನ ಯಕ್ಷಿತಾ, ಇಡೀ ವರ್ಷ ತಾನಾಗಿ ಬಾಯಿ ತೆರೆಯದವಳು, ಮೆಲ್ಲಗೆ ಹೇಳಿದಳು: "ಫ್ರಿಜ್ ಹಿಂದೆ ಟೀಚರ್. ಅಲ್ಲಿ ಗರಂ ಇರ್ತದೆ."

"ನಮ್ಮವ್ವ ರೊಟ್ಟಿ ಹಂಚಿನ ಮ್ಯಾಲ ಒಣಗಸ್ತಾಳ!" ಎಂದ ಯಲ್ಲಾಲಿಂಗ. "ಒಮ್ಮೆ ನನ್ನ ಚಡ್ಡಿ ಸುಟ್ಟಿತ್ತು!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬರು "ಫ್ಯಾನ್ ಕೆಳಗೆ" ಎಂದರು.

"ಫ್ಯಾನ್ ಗಾಳಿ ತಣ್ಣಗಿರ್ತದೆ. ಥಂಡಿಯಲ್ಲಿ ಹೇಗೆ ಒಣಗೋದು?" ಎಂದು ಯಕ್ಷಿತಾ ವಾದಕ್ಕಿಳಿದಳು.

"ಒಣಗ್ತದ!"

"ನಹೀ!"

ವಂದನಾ ಒದ್ದೆ ಬಟ್ಟೆಯಿಂದ ಬೋರ್ಡಿನ ಎರಡೂ ಬದಿ ಒರೆಸಿದಳು. ಒಂದು ಬದಿಗೆ ಯಲ್ಲಾಲಿಂಗ ನೋಟ್‌ಬುಕ್ಕಿನಿಂದ ಗಾಳಿ ಬೀಸಬೇಕು, ಇನ್ನೊಂದನ್ನು ಯಾರೂ ಮುಟ್ಟಬಾರದು. ಯಾವುದು ಮೊದಲು ಒಣಗುತ್ತದೋ ನೋಡೋಣ. ಕಬಡ್ಡಿ ಪಂದ್ಯದ ಹಾಗೆ ಮಕ್ಕಳು ಎರಡು ಪಂಗಡವಾಗಿ ಕೂಗತೊಡಗಿದರು. ಗಾಳಿ ಬೀಸಿದ ಬದಿಯ ತೇವ ಅಂಚಿನಿಂದ ಒಳಗೆ ಸರಿಯುತ್ತ, ಅಂಗೈಯಷ್ಟಾಗಿ, ಕಾಸಿನಷ್ಟಾಗಿ ಮಾಯವಾಯಿತು. ಯಕ್ಷಿತಾ ಬೋರ್ಡಿನ ಹತ್ತಿರ ಬಂದು ಮುಟ್ಟಿ ನೋಡಿ, ಸೋತದ್ದನ್ನು ಮರೆತು, "ಹಾಗಾದರೆ ಗಾಳಿ ನೀರನ್ನು ಎತ್ಕೊಂಡು ಹೋಯ್ತಾ ಟೀಚರ್?" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ವಿಷಯದ ಹೆಸರು ಬರೆದಿರಲಿಲ್ಲ, ಸಾರಾಂಶ ಹೇಳಿರಲಿಲ್ಲ, ಮನೆಗೆಲಸ ಕೊಟ್ಟಿರಲಿಲ್ಲ.

ಹೊರಗೆ ಪರೀಕ್ಷಕರು ಅವಳ ಯೋಜನೆಯ ಪುಸ್ತಕ ತಿರುವಿ ಹಾಕಿದರು.

"ಪ್ರಶ್ನೆಗಿಂತ ಮೊದಲೇ ಉತ್ತರ ಹೇಳುವ ಮಕ್ಕಳನ್ನು ಇವತ್ತೇ ಕಂಡದ್ದು. ನೋಡಮ್ಮಾ, ಮೊದಲಿನ ಆರು ನಿಮಿಷಕ್ಕೆ ಅಂಕ ಕಳೆಯುತ್ತೇನೆ, ಉಳಿದ ಇಪ್ಪತ್ತೊಂಬತ್ತಕ್ಕೆ ಕೊಡುತ್ತೇನೆ. ಒಪ್ಪಿಗೆಯೆ?"

"ಒಪ್ಪಿಗೆ ಸರ್," ಎಂದಳು ವಂದನಾ. ಆಮೇಲೆ ಗೋಡೆಗೆ ಒರಗಿ, ಹೊರಗೆ ಕಾಯುತ್ತಿದ್ದ ಹರಿಣಿಯ ಕೈ ಹಿಡಿದುಕೊಂಡು ನಗತೊಡಗಿದಳು. ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು.

ಅವಳು ಪಾಸಾದಳು. ಮೊದಲ ದರ್ಜೆಗೆ ಎರಡು ಅಂಕ ಕಡಿಮೆ. ಅವು ಯಾವ ಆರು ನಿಮಿಷದಲ್ಲಿ ಹೋದವೆಂದು ಅವಳಿಗೆ ಚೆನ್ನಾಗಿ ಗೊತ್ತು.

ಈಗ ಅವಳು ಉಪನಗರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಪಕ್ಕದ ಕ್ಲಾಸಿನ ವಿನೋದಿನಿ ಟೀಚರ್ ವಾರಕ್ಕೆ ಎರಡು ಸಲವಾದರೂ ಬಾಗಿಲಿಗೆ ಬಂದು, "ವಂದನಾ, ಇದೆಂತ ಗಲಾಟೆ ಮಾರಾಯ್ತಿ! ಸ್ವಲ್ಪ ಮೆಲ್ಲಗೆ ಪಾಠ ಮಾಡಬಾರ್ದಾ?" ಎನ್ನುತ್ತಾರೆ.

"ನಾ ಸುಮ್ನ ನಿಂತೀನ್ರಿ ಟೀಚರ್," ಎನ್ನುತ್ತಾಳೆ ವಂದನಾ. "ಪಾಠ ಹುಡುಗ್ರೇ ಮಾಡಾಕತ್ತಾರ."