ಗುಂಯ್‌ಗುಡುವ ತೋಳು

ಸ್ಪಿರಿಟ್ಟಿನ ವಾಸನೆಗೆ ನಿಮ್ಮ ಎದೆ ಸಂಭ್ರಮದಿಂದ ಹೊಡೆದುಕೊಂಡದ್ದುಂಟೇ? ನನಗೆ ಇವತ್ತೇ ಮೊದಲು. ಬಂಗಾರಪೇಟೆಯ ಡಯಾಲಿಸಿಸ್ ಕೋಣೆಯಲ್ಲಿ ನನ್ನ ಸೋದರಮಾವ ಎಡಗೈ ಚಾಚಿ ಮಲಗಿದ್ದಾರೆ. ಕ್ಯಾಸಂಬಳ್ಳಿಯಿಂದ ಸ್ಕೂಟಿಯಲ್ಲಿ ಬರುವ ನರ್ಸು ಹತ್ತಿ ಅದ್ದುತ್ತಿದ್ದಾಳೆ. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ಆಪರೇಷನ್ ಆದಮೇಲೆ ಆ ಕೈಗೆ ಇವತ್ತೇ ಮೊದಲ ಸೂಜಿ. ರಕ್ತ ಸರಾಗವಾಗಿ ಬಂದರೆ, ಅಲ್ಲಿಯವರೆಗಿನ ಡಯಾಲಿಸಿಸ್‌ಗೆಂದು ಕತ್ತಿಗೆ ಹಾಕಿರುವ ಟ್ಯೂಬು ತೆಗೆಯುತ್ತಾರೆ. ಬರದಿದ್ದರೆ ಆ ಟ್ಯೂಬೇ ಗತಿ.

ಮಾವ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಬಂಡೆಗೆ ಡ್ರಿಲ್ ಹಿಡಿದವರು. ಕಿಡ್ನಿ ಕೈಕೊಟ್ಟಾಗ ಡಾಕ್ಟರು ತೋಳಿನ ಎರಡು ರಕ್ತನಾಳಗಳನ್ನು ಜೋಡಿಸಿದರು. ಅದಕ್ಕೆ ಫಿಸ್ಟುಲಾ ಎಂದು ಹೆಸರು. ರಕ್ತ ರಭಸವಾಗಿ ನುಗ್ಗಿ ನಾಳ ದಪ್ಪವಾಗುತ್ತದೆ, ಸೂಜಿಗೆ ಸಿಗುತ್ತದೆ. ಕಿವಿಯಿಟ್ಟರೆ ಒಳಗೆ ರಕ್ತ ಓಡುವ ಸದ್ದು ಗುಂಯ್ ಎನ್ನುತ್ತದೆ. ಮಾವನ ಮನೆಗೆ ಹೋದರೆ ಕಾಫಿಗೂ ಮೊದಲು ಆ ತೋಳು ನನ್ನ ಕಿವಿಗೆ ಬರುತ್ತಿತ್ತು.

“ಕೇಳ್ಲಾ, ಮಿಷಿನ್ ಓಡ್ತೈತೆ.”

ಸಂಗೀತ ಬಲ್ಲವನಂತೆ ನಾನು ತಲೆದೂಗುತ್ತಿದ್ದೆ.

ಬರಬರುತ್ತಾ ನಾಳ ಉಬ್ಬಿತು. ಮೊದಲು ನೆಲ್ಲಿಕಾಯಿ, ಆಮೇಲೆ ಬದನೆಕಾಯಿ. ನಾವಿಬ್ಬರೂ ಅದನ್ನು ಶಕ್ತಿಯೆಂದೇ ತಿಳಿದೆವು. ನೆಂಟರ ಮುಂದೆ ಜಟ್ಟಿಯ ತೋಳಿನಂತೆ ಅದನ್ನು ಎತ್ತಿ ತೋರಿಸುತ್ತಿದ್ದ ಮಹಾನುಭಾವ ನಾನೇ. ಚರ್ಮ ತೆಳುವಾಗಿ ಮಿರುಗತೊಡಗಿದಾಗ ಡಾಕ್ಟರು ಗಂಭೀರವಾದರು. ಒಡೆದರೆ ಪ್ರಾಣಕ್ಕೇ ಸಂಚಕಾರ ಎಂದರು. ಒಂದೇ ಜಾಗಕ್ಕೆ ಸೂಜಿ ಚುಚ್ಚಿ ಚುಚ್ಚಿ ನಾಳದ ಗೋಡೆ ಸಡಿಲವಾಗಿತ್ತಂತೆ.

ಒಂದೇ ಜಾಗಕ್ಕೆ ಚುಚ್ಚಬೇಕೆಂಬುದು ಯಾರ ಹಟ? ಮಾವನದೇ. ಅಲ್ಲಿ ಮರಗಟ್ಟಿತ್ತು, ನೋವಾಗುತ್ತಿರಲಿಲ್ಲ. “ಅಲ್ಲೇ ಆಕಮ್ಮ” ಎಂದು ನರ್ಸನ್ನು ಪುಸಲಾಯಿಸುತ್ತಿದ್ದರು. ಡಾಕ್ಟರ ಮಾತು ಕೇಳಿ ಅತ್ತೆ ನಕ್ಕರೋ ಅತ್ತರೋ ತಿಳಿಯಲಿಲ್ಲ.

“ಅಳೇ ತೂತಲ್ಲಿ ಡ್ರಿಲ್ ಇಕ್ಕಬಾರ್ದು, ಸಿಡಿದೋಯ್ತದೆ ಅಂತ ಕೇರಿಗೆಲ್ಲಾ ಪಾಠ ಯೋಳ್ತಿದ್ರಿ. ನಿಮ್ ಕೈಗೆ ನೀವೇ ಅದನ್ನ ಮಾಡ್ಕೊಂಡ್ರಲ್ಲಾ.”

ಗಣಿಯಲ್ಲಿ ಹಳೆಯ ತೂತಿನ ತಳದಲ್ಲಿ ಸಿಡಿಯದ ಮದ್ದು ಉಳಿದಿರಬಹುದು. ಅದು ಅಲ್ಲಿನ ಮೊದಲ ಪಾಠ. ಮಾವ ತಲೆ ತಗ್ಗಿಸಿದರು.

ಸರ್ಜನ್ನರು ಉಬ್ಬಿದ ಗೋಡೆಯನ್ನು ಕತ್ತರಿಸಿ, ದೊಗಳೆ ಅಂಗಿಯನ್ನು ಬಿಗಿ ಮಾಡುವಂತೆ, ನಾಳವನ್ನು ಅಳತೆಗೆ ಹೊಲಿದರು. ಪಟ್ಟಿ ಬಿಚ್ಚಿದ ದಿನ ಮಾವ ತೋಳು ಚಾಚಿದರು, ತಾವು ಮಾತ್ರ ಕಿವಿ ಇಡಲಿಲ್ಲ.

“ನೀನೇ ಕೇಳ್ಲಾ. ನಂಗೆ ದಿಗಿಲು.”

ಇಟ್ಟೆ. ಸಣ್ಣಗೆ, ಗುಂಯ್. ಆಸ್ಪತ್ರೆಯೆಂಬುದನ್ನೂ ಮರೆತು ಕುಣಿದುಬಿಟ್ಟೆ. ಪಕ್ಕದ ಹಾಸಿಗೆಯ ಅಜ್ಜಿ, ಮಗು ಹುಟ್ಟಿತಾ ಎಂದು ತಮಿಳಿನಲ್ಲಿ ವಿಚಾರಿಸಿತು.

ಈಗ ನರ್ಸು ಸೂಜಿ ಎತ್ತಿಕೊಂಡಳು. “ಎಲ್ಲಿ ಆಕ್ಲಿ, ತಾತ?”

ಮಾವನ ಬೆರಳು ಹಳೆಯ ಮರಗಟ್ಟಿದ ಜಾಗದ ಹತ್ತಿರ ಹೋಗಿ ನಿಂತಿತು. ಬೆರಳು ಮೆಲ್ಲಗೆ ಮೇಲಕ್ಕೆ ಸರಿಯಿತು.

“ಇಲ್ಲಿ ಆಕಮ್ಮ. ಇಲ್ಲಿನ್ನೂ ಯಾರೂ ಡ್ರಿಲ್ ಇಕ್ಕಿಲ್ಲ.”

ಸೂಜಿ ಇಳಿಯಿತು. ಮಾವ ಹಲ್ಲು ಕಚ್ಚಿದರು. ಕೊಳವೆ ಸರ್ರನೆ ಕೆಂಪಾಯಿತು, ಯಂತ್ರ ತಿರುಗತೊಡಗಿತು. ಅವರು ನನ್ನ ಕಡೆ ತಿರುಗಿದಾಗ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು.

“ನೋಯ್ತೈತೆ ಕಣ್ಲಾ.”