ಒಳಗುಳಿದ ಪಿಳ್ಳೆ

ನಮ್ಮೂರು ಯಂಕಂಚಿಗೆ ಮೊಬೈಲ್ ಬಂದ ಹೊಸತು ಅದು. ಮನೆಯೊಳಗೆ ಮಾತು ಕೇಳುತ್ತಿರಲಿಲ್ಲ. ಕಟ್ಟೆಯ ತುದಿಗೆ ಹೋಗಿ ಕುತ್ತಿಗೆ ಓರೆ ಮಾಡಿ ನಿಂತರೆ ಕೇಳುತ್ತಿತ್ತು. ದೀಪಾವಳಿ ಮುಗಿಯುತ್ತಲೇ ಅಪ್ಪ, ಅವ್ವ, ತಮ್ಮ ಮೂವರೂ ಕುರಿ ಹಿಂಡು ಹೊಡೆದುಕೊಂಡು ದೇವಣಗಾಂವದ ಕಡೆ, ಭೀಮಾ ಹೊಳೆಯ ದಂಡೆಗೆ ಹೋಗುತ್ತಿದ್ದರು. ತಮ್ಮನಿಗೆ ಇನ್ನೂ ಶಾಲೆಯ ವಯಸ್ಸಾಗಿರಲಿಲ್ಲ. ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಶಾಲೆ ತಪ್ಪಬಾರದೆಂದು ನನ್ನನ್ನು ಅಪ್ಪನ ತಾಯಿ, ನಮ್ಮ ಆಯಿಯ ಬಳಿ ಬಿಟ್ಟುಹೋಗುತ್ತಿದ್ದರು.

ಯಾವಾಗಲೋ ಒಮ್ಮೆ ಫೋನ್ ಬರುತ್ತಿತ್ತು.

"ಅಕ್ಕಾ, ಹೊಳ್ಯಾಗ ಮೀನ ಹಿಡದೆ," ಎನ್ನುತ್ತಿದ್ದ ತಮ್ಮ.

"ಎಷ್ಟ ದೊಡ್ಡದು?"

"ಹಿಡದಿದ್ದೆ. ಆದ್ರ ಬಿಟ್ಟೆ."

ಅವನ ಹಿಂದೆ ಕುರಿಗಳ ಕೂಗು. ಆಮೇಲೆ ಅವ್ವ "ಊಟ ಆತೇನವಾ?" ಎಂದು ಕೇಳುವಳು. ನಾನು ಹೂಂ ಅನ್ನುವಷ್ಟರಲ್ಲಿ ಫೋನ್ ಕಟ್ಟಾಗುತ್ತಿತ್ತು.

ಶಾಲೆಯಿಂದ ಬಂದ ಮೇಲಿನ ಹೊತ್ತು ಉದ್ದವಾಗಿರುತ್ತಿತ್ತು. ಆಯಿ ಹೆಚ್ಚು ಮಾತಿನವಳಲ್ಲ. ನಾನು ಪಡಸಾಲೆಯಲ್ಲಿ ಹರಳಾಟ ಆಡುತ್ತಿದ್ದೆ. ಬಲಗೈ ಒಬ್ಬಳು, ಎಡಗೈ ಇನ್ನೊಬ್ಬಳು. ಯಾವ ಕೈ ಗೆದ್ದರೂ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಆ ಚಳಿಗಾಲದಲ್ಲಿ ಒಬ್ಬ ಮೋಟಾರ್ ಸೈಕಲ್‌ಗೆ ಪೆಟ್ಟಿಗೆ ಕಟ್ಟಿಕೊಂಡು ಕೋಳಿ ಪಿಳ್ಳೆ ಮಾರಲು ಬಂದ. ಆಯಿ ಜೋಳ ಅಳೆದು ಕೊಟ್ಟು ಹತ್ತು ಹನ್ನೆರಡು ಮರಿ ತೆಗೆದುಕೊಂಡಳು.

"ಇವರವ್ವ ಎಲ್ಲೈತೋ?" ಎಂದು ಕೇಳಿದಳು.

"ಮಿಷಿನ್ನಾಗ ಹುಟ್ಟ್ಯಾವಬೇ. ಬಲ್ಬ ಇವರವ್ವ," ಎಂದ ಅವನು.

ಅಡುಗೆ ಮನೆಯ ಮೂಲೆಯಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಇಟ್ಟು, ಶೇಂಗಾ ಸಿಪ್ಪೆ ಹರವಿ, ಬಲ್ಬನ್ನು ಕೆಳಗಿಳಿಸಿ ಕಟ್ಟಿದೆವು. ಕರೆಂಟ್ ಹೋದಾಗ ಆಯಿ ಗಡಿಗೆಯಲ್ಲಿ ಕೆಂಡ ಹಾಕಿ, ಮೇಲೆ ಬೂದಿ ಮುಚ್ಚಿ ನಡುವೆ ಇಡುತ್ತಿದ್ದಳು. ಬೆಚ್ಚಗಾದ ಸಿಪ್ಪೆ, ಬೂದಿ, ಹಿಕ್ಕೆ ಸೇರಿದ ಒಂದು ವಾಸನೆ ಮನೆಯನ್ನೆಲ್ಲ ತುಂಬಿತು. ಅದಕ್ಕಿಂತ ಹೆಚ್ಚಾಗಿ ಸದ್ದು ತುಂಬಿತು. ನಾನು ಪೆಟ್ಟಿಗೆಗೆ ಬೆನ್ನು ಕೊಟ್ಟು ಮಗ್ಗಿ ಬರೆಯುತ್ತಿದ್ದೆ. ಸಜ್ಜೆ ರೊಟ್ಟಿಯ ಚೂರು ಹಾಕಿದರೆ ಒಂದರ ಬಾಯಿಂದ ಇನ್ನೊಂದು ಕಸಿದುಕೊಂಡು ಓಡುತ್ತಿದ್ದವು. ಸಂಜೆ ಬೇಗ ಬರಲಿ ಎಂದು ನಾನು ಬಯಸತೊಡಗಿದ್ದು ಆಗಲೇ.

ಮರಿಗಳಿಗೆ ರೆಕ್ಕೆ ಪುಕ್ಕ ಬಂದು, ಪೆಟ್ಟಿಗೆಯ ಅಂಚಿನ ಮೇಲೆ ಹಾರಿ ಕೂರತೊಡಗಿದವು. ಹಿಟ್ಟಿನ ಬುಟ್ಟಿಯಲ್ಲಿ ಹೆಜ್ಜೆ ಮೂಡಿದವು. ಪಕ್ಕದ ಮನೆಯ ಮಲ್ಲವ್ವ ಬಾಗಿಲಲ್ಲಿ ನಿಂತು, "ಈ ಅಡಗಿ ಮನ್ಯಾಗ ಇರೋರು ನೀವೋ ಕೋಳಿನೋ?" ಎಂದಳು.

"ನಾಳೆ ಹಿತ್ತಲಕ್ಕ ಹಾಕ್ತೀನಿ," ಎಂದಳು ಆಯಿ.

"ಚಳಿ ಐತಲ್ಲಬೇ. ಇನ್ನೊಂದೆಂಟು ದಿನ ಇರಲಿ," ಎಂದೆ ನಾನು.

ಆಯಿ ನನ್ನ ಮುಖ ನೋಡಿದಳು.

ಹಿತ್ತಲಲ್ಲಿ ಕಲ್ಲಿನ ಹಳೆಯ ಗೂಡು ಇತ್ತು, ಮೇಲೆ ತಗಡು. ಮರುದಿನ ಆಯಿ ಅದರ ನೆಲಕ್ಕೆ ಬೂದಿ ಚೆಲ್ಲಿ, ಪೆಟ್ಟಿಗೆಯ ಹಳೆಯ ಸಿಪ್ಪೆಯನ್ನೇ ಒಯ್ದು ಹರವಿದಳು. ಕುರಿ ಮರಿಗಳ ಜಾಗ ಬದಲಿಸುವಾಗಲೂ ಹೀಗೆಯೇ, ಮಲಗಿದ ನೆಲದ ವಾಸನೆ ಜೊತೆಗೆ ಹೋಗಬೇಕು ಎನ್ನುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಮರಿಗಳನ್ನು ಬುಟ್ಟಿಗೆ ಹಾಕಿ, ಕಂಬಳಿ ಮುಚ್ಚಿ ಹೊರಗೆ ಒಯ್ದೆವು. ಒಂದೊಂದನ್ನೇ ಒಳಗೆ ಬಿಟ್ಟ ಆಯಿ, ಕೊನೆಯದನ್ನು ಬಿಡದೆ ನನ್ನ ಉಡಿಯಲ್ಲಿಟ್ಟಳು. ಬೆನ್ನ ಮೇಲೆ ಕಂದು ಪಟ್ಟೆಯಿದ್ದ ಮರಿ.

"ಇದು ನಿನ್ನ ಪಾಲಿಂದು," ಎಂದಳು. "ಹಿಂಡ ಹೊಂಟಾಗ ಒಂದು ಮನ್ಯಾಗ ಉಳೀಬೇಕು."

ಅದು ನಮ್ಮ ರೂಢಿ. ಹಿಂಡು ಹೊರಡುವಾಗ ನಡೆಯಲಾರದ ಒಂದು ಕುರಿ ಮರಿಯನ್ನು ಮನೆಯಲ್ಲಿ ಉಳಿದ ಮಕ್ಕಳಿಗೆ ಬಿಟ್ಟು ಹೋಗುತ್ತಾರೆ. ಅದು ಎರಡು ದಿನ ಅತ್ತು, ಆಮೇಲೆ ಮಕ್ಕಳ ಹಿಂದೆಯೇ ತಿರುಗುತ್ತದೆ. ಆ ವರ್ಷ ಮರಿಗಳೆಲ್ಲ ಗಟ್ಟಿಯಾಗಿದ್ದವು. ಅಪ್ಪ ಯಾವುದನ್ನೂ ಬಿಟ್ಟು ಹೋಗಿರಲಿಲ್ಲ.

ಒಳಗೆ ತಂದ ಪಿಳ್ಳೆಯ ಅಳು ನಿಲ್ಲಲಿಲ್ಲ. ಚೀರಾಟ ಕೇಳಿ ಮಲ್ಲವ್ವ ಬಂದಳು.

"ಆಯಿ, ಅದು ಕುರಿ ಅಲ್ಲ, ಕೋಳಿ."

"ಸುಮ್ನಾಗ್ತೈತಿ ಬಿಡು. ನಮ್ಮ ಮರಿ ಎಲ್ಲಾ ಹಂಗ."

ಮರುದಿನವೂ ಅದು ಸುಮ್ಮನಾಗಲಿಲ್ಲ. ನುಚ್ಚು ಮುಟ್ಟಲಿಲ್ಲ. ಉಡಿಯಲ್ಲಿಟ್ಟುಕೊಂಡರೆ ಜಿಗಿದು, ಹಿತ್ತಲ ಕಡೆಯ ಗೋಡೆಯುದ್ದಕ್ಕೂ ಓಡಾಡುತ್ತಿತ್ತು. ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ಮನೆ ನಿಶ್ಶಬ್ದವಾಗಿತ್ತು. ಹೆದರಿ ಒಳಗೆ ಹೋದೆ. ಪಿಳ್ಳೆ ತಿಕ್ಕಿಟ್ಟ ಹಿತ್ತಾಳೆ ತಂಬಿಗೆಗೆ ಒತ್ತಿಕೊಂಡು ಕೂತಿತ್ತು. ತಂಬಿಗೆಯ ಹೊಳಪಿನೊಳಗೂ ಒಂದು ಪಿಳ್ಳೆ ಕಾಣುತ್ತಿತ್ತು. ಅದಕ್ಕೆ ಮೈ ತಾಗಿಸಿ ಇದು ಕಣ್ಣು ಮುಚ್ಚಿತ್ತು.

ನಾನು ಬಹಳ ಹೊತ್ತು ನಿಂತು ನೋಡಿದೆ.

"ಆಯಿ, ಇದನ್ನ ಗೂಡಿಗೆ ಬಿಡೂಣು."

"ಬಿಟ್ರ ನಿನಗ ಯಾರು?"

"ಅದಕ್ಕ ನಾ ಬ್ಯಾಡಬೇ. ಅವು ಬೇಕು."

ಇನ್ನೂ ಬೆಳಕಿರುವಾಗಲೇ ಬಿಟ್ಟು ನೋಡಿದೆವು. ಮೂರೇ ದಿನಕ್ಕೆ ಅದು ಉಳಿದವಕ್ಕೆ ಬೇರೆಯಾಗಿತ್ತು, ಸುತ್ತುವರಿದು ತಲೆ ಕುಕ್ಕಿದವು. ಎತ್ತಿಕೊಂಡಾಗ ನೆತ್ತಿಯ ಮೇಲೆ ರಕ್ತದ ಹನಿ ಇತ್ತು. ಆಯಿ ಗಾಯಕ್ಕೆ ಅರಿಶಿನ ಹಚ್ಚಿದಳು. ಕತ್ತಲಾಗುವ ತನಕ ಕಾದು, ಗೂಡಿನ ಸಿಪ್ಪೆಯನ್ನೇ ಹಿಡಿ ತುಂಬ ತಂದು ಅದರ ಮೈಗೆಲ್ಲ ತಿಕ್ಕಿ, ಮಲಗಿದ್ದವುಗಳ ನಡುವೆ ಮೆಲ್ಲಗೆ ತೂರಿಸಿದಳು. ಒಂದು ಕ್ಷಣ ಕುಸುಕುಸು ಸದ್ದಾಯಿತು. ಆಮೇಲೆ ಇಲ್ಲ.

ಬೆಳಿಗ್ಗೆ ಬಾಗಿಲ ಕಲ್ಲು ಸರಿಸಿದ್ದು ನಾನೇ. ಎಲ್ಲವೂ ಒಟ್ಟಿಗೆ ನನ್ನ ಕಾಲ ಸಂದಿಯಿಂದ ನುಗ್ಗಿ ತಿಪ್ಪೆಯ ಕಡೆ ಓಡಿದವು. ಕಂದು ಪಟ್ಟೆಯದು ನಡುವೆ ಇತ್ತು, ಯಾವುದೂ ಅದನ್ನು ಕುಕ್ಕಲಿಲ್ಲ. ಅದು ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಅಂದು ಸಂಜೆ ಆಯಿ ಪೆಟ್ಟಿಗೆ ತೆಗೆದು, ಆ ಮೂಲೆಯನ್ನು ಸಗಣಿಯಿಂದ ಸಾರಿಸಿದಳು. ಬಲ್ಬನ್ನು ಮೇಲೆತ್ತಿ ಕಟ್ಟಿದಳು. ಊಟವಾದ ಮೇಲೆ, ಯಾವಾಗಲೂ ಪಡಸಾಲೆಯಲ್ಲಿ ಬಾಗಿಲಿಗೆ ಅಡ್ಡವಾಗಿ ಮಲಗುತ್ತಿದ್ದವಳು ಕಂಬಳಿ ತಂದು ಅಡುಗೆ ಮನೆಯಲ್ಲಿ ನನ್ನ ಹಾಸಿಗೆಯ ಪಕ್ಕಕ್ಕೆ ಹಾಸಿದಳು.

"ಯಾಕಬೇ?" ಎಂದೆ.

"ಇಲ್ಲಿ ಬೆಚ್ಚಗೈತಿ."

ನಾನು ಕೈಯಿಟ್ಟು ನೋಡಿದೆ. ಸಾರಿಸಿದ ನೆಲ ಇನ್ನೂ ಪೂರ್ತಿ ಆರಿರಲಿಲ್ಲ, ತಣ್ಣಗಿತ್ತು.

ಮುಂದೆ ಅಪ್ಪ ಕುರಿ ಮಾರಿ ನೀರಾವರಿ ಹೊಲ ಮಾಡಿದ. ನಾನು ಹಾಸ್ಟೆಲಿಗೆ ಹೋದೆ. ಆಯಿ ತೀರಿಕೊಂಡು ವರ್ಷಗಳಾದವು. ಈಗ ಪತ್ರಿಕೆಯ ಸುದ್ದಿಮನೆಯ ಕೆಲಸದಲ್ಲಿ ದಿನವೂ ನೂರು ಜನರ ದನಿ ಕೇಳುತ್ತೇನೆ. ಬಾಡಿಗೆ ಕೋಣೆಗೆ ಮರಳಿದಾಗ ಹೇಗಿದ್ದೀಯ ಎಂದು ಕೇಳುವ ಸಂದೇಶಗಳೂ ಬಂದಿರುತ್ತವೆ. ಚೆನ್ನಾಗಿದ್ದೇನೆ ಎಂದು ಬರೆಯುತ್ತೇನೆ, ಅವರು ನಂಬುತ್ತಾರೆ. ನಾನು ಏನೂ ಹೇಳದಿದ್ದರೂ ತಣ್ಣನೆಯ ನೆಲವನ್ನು ಬೆಚ್ಚಗಿದೆ ಎಂದು ಹೇಳಿ ಪಕ್ಕದಲ್ಲಿ ಬಂದು ಮಲಗುವವರು ಆಮೇಲೆ ಯಾರೂ ಸಿಗಲಿಲ್ಲ.